ಬಿಲ್ಲುಸಂಧಿಪ್ರಕಾಶಿಕೆ: ಡಿಸ್ಚಾರ್ಜ್ ಕಾಲದಲ್ಲಿ ನೌಕರನು ಪಠಿಸತಕ್ಕ ವ್ಯಾಕರಣ

ಪೀಠಿಕೆ

1891ರಲ್ಲಿ ಮೈಸೂರು ಸಂಸ್ಥಾನದಲ್ಲಿ ಎರಡು ಸಂಗತಿಗಳು ನಡೆದವು. ತಾಳೆಗರಿಗಳನ್ನು ಕಲೆಹಾಕಿ ಓದಲೆಂದು ಓರಿಯಂಟಲ್ ಲೈಬ್ರರಿ ಹುಟ್ಟಿತು. ಸರ್ಕಾರಿ ನೌಕರರಿಗೆ ಜೀವವಿಮೆಯೂ ಬಂತು. ಇಂದಿನ ಕೆಜಿಐಡಿಯ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ, ಮೂಲ ಅದೇ. ಓದಲು ಬಾರದ್ದನ್ನು ಓದುವ ವಿದ್ಯೆಯೂ ವಿಮೆಯೂ ಅವಳಿಜವಳಿಯಾಗಿ ಹುಟ್ಟಿದ್ದನ್ನು ಇತಿಹಾಸಕಾರರು ಕಾಕತಾಲೀಯವೆಂದು ಬಿಟ್ಟುಬಿಟ್ಟಿದ್ದಾರೆ. ಅದು ನಮಗೆ ಸಮ್ಮತವಲ್ಲ. ಅದೇ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ಅರ್ಥಶಾಸ್ತ್ರವು ಖಜಾನೆಯ ಹಣ ನುಂಗಲು ನಲವತ್ತು ಉಪಾಯಗಳನ್ನು ಎಣಿಸುತ್ತದೆ. ಆಸ್ಪತ್ರೆಯ ಬಿಲ್ಲಿನ ತಪ್ಪು ಹಿಡಿಯಲು ಅಷ್ಟೆಲ್ಲ ಬೇಡ. ಅಲ್ಲಿ ಎಲ್ಲವೂ ನುಂಗುವ ಉಪಾಯವಲ್ಲ, ರಾತ್ರಿ ಪಾಳಿಯ ಲಿಪಿಕಾರನ ಕೈತಪ್ಪೂ ಉಂಟು. ಹೈಸ್ಕೂಲಿನಲ್ಲಿ ಕಲಿತು ಮರೆತ ಆಗಮ, ಆದೇಶ, ಲೋಪ ಸಂಧಿಗಳೇ ಸಾಕು.

ಅಧಿಕಾರಿನಿರೂಪಣೆ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿಗಳ ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ, ಕೊರಳಲ್ಲಿ ಐಡಿಯನ್ನೂ ಪರ್ಸಿನಲ್ಲಿ ಇನ್ಶೂರೆನ್ಸ್ ಕಾರ್ಡನ್ನೂ ಧರಿಸಿದ ನೌಕರನೇ ಈ ಶಾಸ್ತ್ರಕ್ಕೆ ಅಧಿಕಾರಿ. ಅವನ ಕಲಿಕೆಗೆ ಅಡ್ಡಿ ‘ಪರವಾಗಿಲ್ಲಬಿಡಿ ನ್ಯಾಯ’. ಬಿಲ್ಲಿಂಗ್ ಕೌಂಟರಿನಲ್ಲಿ “ಸರ್, ಇಲ್ಲೊಂದು ಸೈನ್ ಹಾಕಿ” ಎಂದೊಡನೆ ಏಳು ಪುಟದ ಬಿಲ್ಲಿನ ಏಳನೆಯ ಪುಟವನ್ನಷ್ಟೇ ತೆರೆದು ಸಹಿ ಹಾಕಿ, ಪೆನ್ನನ್ನೂ ಅಲ್ಲೇ ಬಿಟ್ಟು ಬರುವುದು ಈ ನ್ಯಾಯಕ್ಕೆ ಉದಾಹರಣೆ.

ಪೂರ್ವಪಕ್ಷ: “ದುಡ್ಡು ಕಟ್ಟೋದು ಇನ್ಶೂರೆನ್ಸ್‌ನೋರು, ನನಗೇನ್ರೀ?”

ಸಿದ್ಧಾಂತ: ಮೂರು ಲಕ್ಷದ ಫ್ಲೋಟರ್ ಪಾಲಿಸಿ ಇಡೀ ಮನೆಗೆ ಒಂದೇ. ಗಂಡನ ಅಪೆಂಡಿಕ್ಸಿನಲ್ಲಿ ಹೆಚ್ಚಿಗೆ ಬರೆದ ರೂಪಾಯಿ ಅದೇ ವರ್ಷ ಅತ್ತೆಯ ಕಣ್ಣಿನ ಪೊರೆಗೆ ಇಲ್ಲವಾಗುತ್ತದೆ.

ಪಾಠನಿರ್ಣಯ

ಒಂದೇ ಪ್ರತಿ ನೋಡಿ ಪಾಠ ನಿರ್ಧರಿಸುವುದು ಸಂಪಾದಕನ ಲಕ್ಷಣವಲ್ಲ. ‘ಒಟ್ಟು ಇಷ್ಟು’ ಎಂಬ ಒಂದು ಹಾಳೆಯನ್ನು ಪಕ್ಕಕ್ಕಿಟ್ಟು, ಬಾಬ್ತುವಾರು ವಿವರವಿರುವ ಬಿಲ್ಲು ಕೇಳಬೇಕು. ಅದಕ್ಕೆ ಡಿಸ್ಚಾರ್ಜ್ ಸಮ್ಮರಿ, ಫಾರ್ಮಸಿಯ ರಿಟರ್ನ್ ಚೀಟಿ, ಗೋಡೆಯ ಮೇಲಿನ ದರಪಟ್ಟಿಗಳನ್ನು ತಾಳೆ ನೋಡಬೇಕು. ದರಪಟ್ಟಿ ಪ್ರದರ್ಶಿಸಬೇಕೆಂಬುದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ವಿಧಿ.

ಆಗಮಪ್ರಕರಣ

ಇಲ್ಲದ್ದು ಬಂದು ಸೇರಿದರೆ ಆಗಮ. ಸೋಮವಾರ ರಾತ್ರಿ ಸೇರಿ ಗುರುವಾರ ಬೆಳಿಗ್ಗೆ ಹೊರಟವನಿಗೆ ನಾಲ್ಕು ದಿನದ ಬೆಡ್ ಚಾರ್ಜು ಬಿದ್ದರೆ ದಿನಾಗಮದ ಶಂಕೆ. ದಿನವನ್ನು ಎಲ್ಲಿಂದ ಎಲ್ಲಿಗೆ ಎಣಿಸಿದಿರೆಂದು ಕೇಳತಕ್ಕದ್ದು. ಹತ್ತು ಇಂಜೆಕ್ಷನ್ ತರಿಸಿ, ಏಳನ್ನು ಚುಚ್ಚಿ, ಮೂರನ್ನು ಫಾರ್ಮಸಿಗೆ ಮರಳಿಸಿದರೂ ಬಿಲ್ಲಿನಲ್ಲಿ ಹತ್ತೂ ಉಳಿದರೆ ಔಷಧಾಗಮ. ಕೊಠಡಿ ಬಾಡಿಗೆ ದಿನಕ್ಕೆ ₹5,000 ಮೀರಿದರಷ್ಟೇ 5% ಜಿಎಸ್‌ಟಿ, ಐಸಿಯುಗೆ ಅದೂ ಇಲ್ಲ. ₹5,000 ಮೀರದ ಕೊಠಡಿಯಲ್ಲಿ ಈ ತೆರಿಗೆ ಕಂಡರೆ ತೆರಿಗಾಗಮ.

ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿಯೊಂದು 37 ಬಾಬ್ತುಗಳನ್ನು ಕೊಠಡಿ ಬಾಡಿಗೆಯಲ್ಲೇ ಅಡಗಿಸಿದೆ: ಚಪ್ಪಲಿ, ಟೂತ್‌ಬ್ರಷ್, ಫೈಲು ತೆರೆದ ಶುಲ್ಕ, ಕೊನೆಗೆ ಬಾಚಣಿಗೆ. ಬೋಳುತಲೆಯ ರೋಗಿಗೂ ಈ ಸೂತ್ರ ಅನ್ವಯ.

ಆದೇಶಪ್ರಕರಣ

ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಆದೇಶ. ಕ-ತ-ಪಗಳಿಗೆ ಗ-ದ-ಬಗಳು ಬರುವಂತೆ ಜನರಲ್ ವಾರ್ಡಿಗೆ ಸೆಮಿ-ಪ್ರೈವೇಟ್ ದರವೂ, ಎಡ ಮಂಡಿಗೆ ಬಲ ಮಂಡಿಯೂ ಬರುತ್ತವೆ. ನಮ್ಮ ಸೀಮೆಯ ವಿಶೇಷವೆಂದರೆ ಇನಿಷಿಯಲಾದೇಶ. ಆಧಾರಿನಲ್ಲಿ ಇನಿಷಿಯಲ್ಲು ಹೆಸರಿನ ಹಿಂದೆ, ಕಂಪನಿಯ ದಾಖಲೆಯಲ್ಲಿ ಮುಂದೆ, ಅಡ್ಮಿಷನ್ ಶೀಟಿನಲ್ಲಿ ಊರು ಮತ್ತು ಅಪ್ಪನ ಹೆಸರುಗಳಾಗಿ ಪೂರ್ಣ ವಿಸ್ತಾರ. ಈ ಮೂವರಲ್ಲಿ ಹೊಟ್ಟೆನೋವು ಯಾರಿಗೆಂದು, ವಿಮಾ ಕಂಪನಿಯ ಪರವಾಗಿ ಕ್ಲೈಮು ಪರಿಶೀಲಿಸುವ ಟಿಪಿಎ ಕ್ವೆರಿ ಹಾಕುತ್ತದೆ.

ಲೋಪಪ್ರಕರಣ

ಸ್ವರದ ಮುಂದೆ ಸ್ವರ ಬಂದಾಗ ಪೂರ್ವಸ್ವರ ಲೋಪ. ಕ್ಲೈಮಿನ ಮುಂದೆ ಟಿಪಿಎ ಬಂದಾಗ ಕ್ಲೈಮಿನ ಕೊನೆಯ ಭಾಗ ಲೋಪ. ಮೂರು ಲಕ್ಷದ ಪಾಲಿಸಿ, ಕೊಠಡಿಗೆ ದಿನಕ್ಕೆ 1%, ಅಂದರೆ ₹3,000 ಮಿತಿ. ನೌಕರನು “ಕಿಟಕಿ ಇರೋ ರೂಮೇ ಇರಲಿ” ಎಂದು ₹6,000ರದ್ದು ಹಿಡಿದ. ಅರ್ಧಕ್ಕೆ ಇಳಿಯುವುದು ಕೊಠಡಿಯೊಂದೇ ಎಂದುಕೊಂಡ. ವೈದ್ಯರ ಫೀಸು, ಆಪರೇಷನ್ ಥಿಯೇಟರಿನ ಬಾಡಿಗೆಗಳೂ ಅದೇ ಲೆಕ್ಕದಲ್ಲಿ ಅರ್ಧವಾದವು. ಕಿಟಕಿಯ ಬೆಲೆ ತಿಳಿಯಿತು. ಇದು ವ್ಯಾಕರಣಶುದ್ಧ ಲೋಪ. ಆದರೆ ಔಷಧ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಈ ಅರ್ಧಸೂತ್ರ ಸಲ್ಲದು. ಅಲ್ಲೂ ಕತ್ತರಿ ಆಡಿಸಿದ್ದರೆ ಅಪಪ್ರಯೋಗ, ತಪ್ಪದೆ ಪ್ರಶ್ನಿಸತಕ್ಕದ್ದು.

ಕಾಲಲೋಪಕ್ಕೂ ವಿಧಿಯುಂಟು. ಪ್ರಾಧಿಕಾರದ 2024ರ ಮೇ ಸುತ್ತೋಲೆಯಂತೆ, ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿಯ ಅಂತಿಮ ಒಪ್ಪಿಗೆ ಬರಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಕಟ್ಟಬೇಕಾದದ್ದು ವಿಮಾ ಕಂಪನಿ.

ಪ್ರಕೃತಿಭಾವ

ಸಂಧಿಯೇ ಆಗದಿರುವುದು ಪ್ರಕೃತಿಭಾವ. ಸಂಬಳ ₹21,000 ಮೀರದ ನೌಕರನು ಕೆ.ಆರ್.ಎಸ್. ರಸ್ತೆಯ ಇಎಸ್‌ಐ ಆಸ್ಪತ್ರೆಗೆ ಹೋದರೆ ಬಿಲ್ಲೇ ಇಲ್ಲ, ಸಂಧಿ ಎಲ್ಲಿಂದ? ಅವನು ಓದಬೇಕಾದದ್ದು ಸಂಬಳದ ಚೀಟಿಯನ್ನೂ ಇಎಸ್‌ಐ ದಾಖಲೆಯನ್ನೂ: ತನ್ನ 0.75%, ಮಾಲೀಕನ 3.25% ವಂತಿಗೆ ಕಟ್ಟಿದೆಯೇ, ಹೆಂಡತಿ ಮಕ್ಕಳ ಹೆಸರು ಸೇರಿದೆಯೇ ಎಂದು.

ಫಲಶ್ರುತಿ

ಸಹಿಗೆ ಮೊದಲು ಇದನ್ನು ಪಠಿಸಿದವನಿಗೆ ಕೌಂಟರಿನಲ್ಲೇ ಫಲಪ್ರಾಪ್ತಿ. ಸಹಿಯ ನಂತರ ಪಠಿಸಿದವನು ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡತಕ್ಕದ್ದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಬರೆಯಬಹುದು. ₹50 ಲಕ್ಷದವರೆಗಿನ ತಗಾದೆಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಪಠಿಸದೆಯೇ “ಪರವಾಗಿಲ್ಲ ಬಿಡಿ” ಎಂದವನು ಮರುಜನ್ಮದಲ್ಲಿ ಟಿಪಿಎ ಡೆಸ್ಕಿನಲ್ಲಿ ಹುಟ್ಟಿ, ಇನಿಷಿಯಲ್ಲುಗಳನ್ನು ಬಿಡಿಸುತ್ತ ಕೂರುತ್ತಾನೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಮತವಿಲ್ಲ.