ಹೊಳಲ್ಕೆರೆಯಲ್ಲಿ ಕಿಟ್ಟೆಲ್ ಕುದಿದದ್ದು

ನಿಘಂಟಿನ ಕಿಟ್ಟೆಲ್ ಸಾಹೇಬರು ಕೀರ್ತಿ ಗಳಿಸಿದ್ದು ಮಂಗಳೂರಿನಲ್ಲಿ. ಅವರ ಹೆಸರು ಹೇಳಿಕೊಂಡು ನಾನು ಮಾನ ಕಳೆದುಕೊಂಡದ್ದು ಹೊಳಲ್ಕೆರೆಯಲ್ಲಿ, ನವೆಂಬರಿನ ಒಂದು ಸಂಜೆ, ನೂರಿಪ್ಪತ್ತು ಜನರ ಎದುರಿಗೆ. ಅಷ್ಟು ಜನ ನನ್ನ ಭಾಷಣಕ್ಕೆ ಬಂದರೆಂದು ತಿಳಿಯಬೇಡಿ. ಸಭೆ ಮುಗಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಉಂಟೆಂದು ಕರಪತ್ರದಲ್ಲೇ ಅಚ್ಚಾಗಿತ್ತು.

ಇದಕ್ಕೆಲ್ಲ ಮೂಲ ನನ್ನ ಎರಡು ತಿಂಗಳ ಜರ್ಮನಿ ವಾಸ. ಮಗಳ ಬಾಣಂತನಕ್ಕೆ ಹೆಂಡತಿ ಹೊರಟಳು, ಅವಳ ಲಗೇಜು ಎತ್ತುವುದಕ್ಕೆ ನಾನು ಹೊರಟೆ. ನಮ್ಮ ಸೀಮೆಯಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ನಿಜಲಿಂಗಪ್ಪನವರ ‘ಎಸ್’ ಅಂದರೆ ಸಿದ್ದವ್ವನಹಳ್ಳಿ. ತ.ರಾ.ಸು. ಅವರ ‘ತ’ ಅಂದರೆ ತಳುಕು. ಒಬ್ಬರು ಒಂದಕ್ಷರದಲ್ಲಿ ರಾಜ್ಯ ಆಳಿದರು, ಇನ್ನೊಬ್ಬರು ಮೂರಕ್ಷರದಲ್ಲಿ ದುರ್ಗದ ಚರಿತ್ರೆಯನ್ನೆಲ್ಲ ಬರೆದರು. ನಾನು ಮಾತ್ರ, ಸರ್‌ನೇಮ್ ಕಾಲಂ ಖಾಲಿ ಬಿಟ್ಟರೆ ಮರ್ಯಾದೆ ಅಲ್ಲ ಎಂದು ಪಾಸ್‌ಪೋರ್ಟ್ ಅರ್ಜಿಯಲ್ಲಿ ಇಡೀ ‘ಹೊಳಲ್ಕೆರೆ’ಯನ್ನು ತುಂಬಿದೆ.

ಹೋದ ಮೂರನೇ ದಿನಕ್ಕೇ ಚಳಿಗೆ ಕೆಮ್ಮು ಹತ್ತಿತು. ಮಗಳು ಕ್ಲಿನಿಕ್ಕಿನಲ್ಲಿ ಕೂರಿಸಿ ಔಷಧಿ ಅಂಗಡಿ ಹುಡುಕಲು ಹೋದಳು. ಬಿಳಿ ಕೋಟಿನ ಡಾಕ್ಟರು ಬಾಗಿಲಿಗೆ ಬಂದು, “ಹೆರ್ ಹೋಲಾಲ್‌ಕೇರೆ!” ಎಂದು ಕೂಗಿದರು. ಅಯ್ಯೋ, ನಮ್ಮೂರಿನವರು ಯಾರೋ ಬಂದಿದ್ದಾರಲ್ಲ ಎಂದು ಸಡಗರದಿಂದ ಹಿಂದೆ ತಿರುಗಿ ಹುಡುಕಿದೆ. ಮೂರು ಸಲ ಕೂಗಿ ಅವರು ಮುಂದಿನವರನ್ನು ಒಳಗೆ ಕರೆದರು. ಆ ಬಿಳಿ ಕೋಟನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಅದರ ಕೆಲಸ ಇನ್ನೂ ಇದೆ.

ಊರಿಗೆ ಮರಳಿದ ಮೇಲೆ ಸಿಕ್ಕವರಿಗೆಲ್ಲ ‘ಗುಟೆನ್ ಮೊರ್ಗೆನ್’ ಎನ್ನುತ್ತಾ ತಿರುಗಿದೆ. ಹೊಸದುರ್ಗದ ಗೆಳೆಯನೊಬ್ಬ ಇದನ್ನು ವಿದ್ವತ್ತು ಎಂದೇ ನಂಬಿ, ರಾಜ್ಯೋತ್ಸವದ ಸಭೆಗೆ ನನ್ನನ್ನು ‘ಜರ್ಮನ್ ಬಲ್ಲವರು’ ಎಂದು ಒಪ್ಪಿಸಿಬಿಟ್ಟ. ವಿಷಯ: ಕನ್ನಡಕ್ಕೆ ಕಿಟ್ಟೆಲ್ ಕೊಡುಗೆ. ನಾನೂ ಬೇಡ ಅನ್ನಲಿಲ್ಲ. ಶಾಲು ಯಾವ ಬಣ್ಣದ್ದು ಅಂತ ಮಾತ್ರ ಕೇಳಿದೆ.

ತಯಾರಿ ಜೋರಾಗಿಯೇ ನಡೆಯಿತು. ದಾವಣಗೆರೆಯಲ್ಲಿ ಎಂಎಸ್ಸಿ ಓದುವ ತಂಗಿ ಮಗನಿಗೆ ಫೋನು ಮಾಡಿ, “ಲೈಬ್ರರಿಯಿಂದ ಒಂದು ಕಿಟ್ಟೆಲ್ ತಗೊಂಡು ಬಾರೋ” ಎಂದೆ. “ಯಾವ ಎಡಿಷನ್ ಮಾವ?” ಎಂದ. “ಯಾವುದಾದ್ರೂ ಆಗ್ಲಿ, ಬೈಂಡು ಗಟ್ಟಿ ಇರ್ಲಿ” ಎಂದೆ. ವೇದಿಕೆಯ ಮೇಲೆ ಅದನ್ನು ತೆರೆದು ‘ಹೊಳಲು’ ಎಂಬ ಪದದ ಅರ್ಥ ಓದಿ, ಹೊಳಲು ಎಂದರೆ ಪಟ್ಟಣ, ಹಳಗನ್ನಡದಲ್ಲಿ ಪೊೞಲ್, ಆದ್ದರಿಂದ ನಾವೆಲ್ಲ ಹುಟ್ಟಾ ಪಟ್ಟಣಿಗರು ಎಂದು ಚಪ್ಪಾಳೆ ಹೊಡೆಸಿಕೊಳ್ಳುವುದು ನನ್ನ ಸಂಚು. ಹಿರಿಯೂರಿನವರಿಗೆ ಊರಿನ ಹೆಸರಲ್ಲೇ ಹಿರಿತನ ಇದೆ, ಹೊಸದುರ್ಗದವರಿಗೆ ದುರ್ಗವೇ ಇದೆ. ನಮಗೂ ಒಂದಿಷ್ಟು ಬೇಡವೇ?

ಅಳಿಯ ಬಂದದ್ದು ಸ್ವಾಗತಗೀತೆಯ ಹೊತ್ತಿಗೆ. ಹಳೇ ಪೇಪರಿನಲ್ಲಿ ಸುತ್ತಿದ ಪುಸ್ತಕವನ್ನು ಕೈಗಿತ್ತು, ಹಿಂದಿನ ಸಾಲಿನಲ್ಲಿ ಕೂತ. ಕಿಟ್ಟೆಲ್ ನಿಘಂಟು ಎಂದರೆ ಸುಮಾರು 70,000 ಪದಗಳ ಗ್ರಂಥ. ಆಮೇಲೆ ಮರಿಯಪ್ಪ ಭಟ್ಟರು ಪರಿಷ್ಕರಿಸಿದಾಗ ನಾಲ್ಕು ಸಂಪುಟ ಆಯಿತು. ನನ್ನ ಕೈಯಲ್ಲಿದ್ದದ್ದು ಒಂದೇ, ಅದೂ ಹಗುರ. ಮಾಲೆ, ಶಾಲು, ಪೇಟದ ಭಾರದಲ್ಲಿ ಅದು ತಿಳಿಯಲಿಲ್ಲ.

ಮಾತು ಚೆನ್ನಾಗಿಯೇ ಶುರುವಾಯಿತು. 1832ರಲ್ಲಿ ಜರ್ಮನಿಯ ಪೂರ್ವ ಫ್ರಿಸಿಯಾದ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದರು, 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದರು, 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಯಿತು, 1903ರಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಇಲ್ಲಿಗೆ ನಿಲ್ಲಿಸಿ ಕೂತಿದ್ದರೆ ಈ ಲೇಖನ ಬರೆಯುವ ಗತಿ ಬರುತ್ತಿರಲಿಲ್ಲ. ಆದರೆ ‘ಜರ್ಮನ್ ಬಲ್ಲವರು’ ಎಂದು ಕರೆದಿದ್ದಾರಲ್ಲ!

“ಕಿಟ್ಟೆಲ್ ಎಂದರೇನು ಗೊತ್ತೇ?” ಎಂದು ಗಂಟಲು ಸರಿಮಾಡಿಕೊಂಡೆ. “ನೀರು ಕಾಯಿಸುವ ಕೆಟಲ್! ಇಂಗ್ಲಿಷರ ಕೆಟಲ್ಲೇ ಜರ್ಮನರ ಬಾಯಲ್ಲಿ ಕಿಟ್ಟೆಲ್. ಈ ಮಹನೀಯರ ಪೂರ್ವಜರು ಕಂಚುಗಾರರಿರಬೇಕು. ಅಂಥ ವಂಶದವರು ಕನ್ನಡದ ಪದಗಳನ್ನು ಕುದಿಸಿ, ಸೋಸಿ, ನಮಗೆ ಬಟ್ಟಿಯಿಳಿಸಿ ಕೊಟ್ಟರು!” ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ಅಮಲಿನಲ್ಲೇ ಪೇಪರು ಹರಿದು, ಪುಸ್ತಕವನ್ನು ಮೇಲೆತ್ತಿ, “ಇಗೋ ಕಿಟ್ಟೆಲ್!” ಎಂದೆ. ಬೆನ್ನಿನ ಮೇಲೆ ಕಿಟ್ಟೆಲ್ ಎಂದೇ ಇತ್ತು. ‘ಹ’ ಅಕ್ಷರ ಕೊನೆಯಲ್ಲಿರುತ್ತದೆ ಎಂದು ಹಿಂದಿನಿಂದ ತೆರೆದೆ. ಒಂದೂ ಕನ್ನಡ ಅಕ್ಷರವಿಲ್ಲ. ಇನ್ನಷ್ಟು ಮಗುಚಿದೆ. ಗೋಲಿ, ಕಡ್ಡಿ ಜೋಡಿಸಿದಂಥ ಚಿತ್ರಗಳು, ದುರ್ಗದ ಏಳು ಸುತ್ತಿನ ಕೋಟೆಯ ನಕ್ಷೆಯನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಕೆಳಗೆ ಗ್ರೀಕ್ ಅಕ್ಷರಗಳ ಸಮೀಕರಣ.

“ಕನ್ನಡಕ ಮನೇಲಿ ಮರೆತು ಬಂದೆ” ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಅಧ್ಯಕ್ಷರು ಭೌತವಿಜ್ಞಾನದ ನಿವೃತ್ತ ಮೇಷ್ಟ್ರು. ಸಹಾಯ ಮಾಡಲೆಂದು ಪುಸ್ತಕ ಇಸಕೊಂಡವರ ಮುಖ ಅರಳಿತು. “ಅಯ್ಯೋ, ಇದು ನಮ್ಮ ಕಿಟ್ಟೆಲ್ ಕಣ್ರೀ! ಸಾಲಿಡ್ ಸ್ಟೇಟ್ ಫಿಸಿಕ್ಸು!” ಎಂದು ಮೈಕಿಗೇ ಹೇಳಿಬಿಟ್ಟರು. ಅಮೆರಿಕದ ಚಾರ್ಲ್ಸ್ ಕಿಟ್ಟೆಲ್, ಬರ್ಕ್‌ಲಿಯ ಪ್ರೊಫೆಸರು. 1953ರಿಂದ ಎಷ್ಟೋ ತಲೆಮಾರಿನ ಎಂಎಸ್ಸಿ ಮಕ್ಕಳು ಅವರ ಪುಸ್ತಕ ಓದಿದ್ದಾರೆ, ಪುಣ್ಯಾತ್ಮ 102 ವರ್ಷ ಬದುಕಿ 2019ರಲ್ಲಿ ತೀರಿಕೊಂಡರು ಎಂದು ಐದು ನಿಮಿಷ ಅವರೇ ಮಾತಾಡಿದರು. ನನಗಿಂತ ಹೆಚ್ಚು ಚಪ್ಪಾಳೆ ಅವರಿಗೇ ಸಿಕ್ಕಿತು. ಅಳಿಯನ ಕಡೆ ನೋಡಿದೆ. ಅವನದೇನು ತಪ್ಪು? ಭೌತವಿಜ್ಞಾನದವನಿಗೆ ಕಿಟ್ಟೆಲ್ ತರಲು ಹೇಳಿದರೆ ಅವನು ತನ್ನ ಕಿಟ್ಟೆಲ್ಲನ್ನೇ ತಂದ.

ಇಷ್ಟಕ್ಕೇ ಮುಗಿಯಲಿಲ್ಲ. ಪ್ರಶ್ನೋತ್ತರ ಎಂಬ ಪಿಡುಗು ಬಾಕಿ ಇತ್ತು. ಹಿರಿಯೂರಿನ ಒಬ್ಬ ಹುಡುಗಿ ಎದ್ದು ನಿಂತಳು. ನರ್ಸಿಂಗ್ ಮುಗಿಸಿ, ಕೆಲಸಕ್ಕೆ ಹೋಗಲೆಂದು ಜರ್ಮನ್ ಕಲಿಯುತ್ತಿದ್ದವಳು. ಕೋಪವಿಲ್ಲ, ಕೊಂಕಿಲ್ಲ, ಬರೀ ವಿನಯ. “ಸಾರ್, ಕೆಟಲ್‌ಗೆ ಜರ್ಮನ್‌ನಲ್ಲಿ ಕೆಸ್ಸೆಲ್ ಅಂತಾರೆ. ಕಿಟ್ಟೆಲ್ ಅಂದ್ರೆ ಮೇಲಂಗಿ. ಕೆಲಸದವರು ಬಟ್ಟೆ ಮೇಲೆ ಹಾಕ್ಕೊಳ್ತಾರಲ್ಲ, ಅದು. ಆಸ್ಪತ್ರೇಲಿ ಡಾಕ್ಟ್ರು ಹಾಕೋ ಬಿಳಿ ಕೋಟೂ ಕಿಟ್ಟೆಲ್ಲೇ. ಅಲ್ಲಿಗೆ ಹೋದಾಗ ನೋಡಿಲ್ವಾ ಸಾರ್?”

ನೋಡಿದ್ದೆ ತಾಯಿ. ಒಂದು ಸಾಕ್ಷಾತ್ ಕಿಟ್ಟೆಲ್ ನನ್ನೆದುರು ನಿಂತು ಮೂರು ಸಲ ನನ್ನ ಸರ್‌ನೇಮ್ ಕೂಗಿತ್ತು. ಆಗ ನನ್ನ ಹೆಸರು ನನಗೆ ಗೊತ್ತಿರಲಿಲ್ಲ, ಅದರ ಹೆಸರೂ ಗೊತ್ತಿರಲಿಲ್ಲ.

ಅವಮಾನ ಆದಮೇಲೆ ಓದುವ ಹುಮ್ಮಸ್ಸೇ ಬೇರೆ. ಮೇಲಂಗಿ ಹೊಲಿಯುತ್ತಿದ್ದವರಿಗೋ ತೊಡುತ್ತಿದ್ದವರಿಗೋ ಅಂಟಿಕೊಂಡ ಹೆಸರಂತೆ ಕಿಟ್ಟೆಲ್. ನಮ್ಮ ಧಾರವಾಡದ ಕಡೆ ಕುಬಸದ, ಕಂಬಳಿ ಎಂದು ಮನೆತನಗಳಿಲ್ಲವೇ, ಹಾಗೆ. ಜರ್ಮನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಹೆಸರು ಮ್ಯುಲರ್, ಅಂದರೆ ಗಿರಣಿಯವನು. ಆಮೇಲೆ ಶ್ಮಿಟ್, ನಮ್ಮ ಕಮ್ಮಾರ. ಮೂರನೆಯದು ಶ್ನೈಡರ್, ಅಪ್ಪಟ ಸಿಂಪಿ. ಸಿಂಪಿ ಲಿಂಗಣ್ಣನವರು ಅಲ್ಲಿ ಹುಟ್ಟಿದ್ದರೆ ಶ್ನೈಡರ್ ಲಿಂಗಣ್ಣ ಆಗುತ್ತಿದ್ದರು. ಇನ್ನೊಂದು ಸಂಗತಿ ತಿಳಿದು ನನಗೆ ಹೊಟ್ಟೆಯಲ್ಲಿ ತಂಪಾಯಿತು. ಕಿಟ್ಟೆಲ್ ಹುಟ್ಟಿದ ಪೂರ್ವ ಫ್ರಿಸಿಯಾದಲ್ಲಿ ಜನ ನಮ್ಮ ಹಾಗೆಯೇ ಅಪ್ಪನ ಹೆಸರು ಹಚ್ಚಿಕೊಂಡು ಸುಖವಾಗಿದ್ದರಂತೆ. 1811ರಲ್ಲಿ ನೆಪೋಲಿಯನ್ನನ ಸರಕಾರ ಎಲ್ಲರೂ ಖಾಯಂ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆಂದು ಹುಕುಂ ಹೊರಡಿಸಿತು. ಆಮೇಲೂ ಎಷ್ಟೋ ವರ್ಷ ಅಲ್ಲಿನವರು ಹಳೇ ಚಾಳಿ ಬಿಡಲಿಲ್ಲ. ನಮ್ಮವರೇ ಬಿಡಿ.

ನನಗಂತೂ ಹುಕುಂ ಬೇಕಾಗಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಬಯಲು ಗಣಪತಿಯವರೆಗೆ ಈಗ ನಾನು ‘ಕೆಟಲ್ ಸಾರ್’. ಹೂವಿನವಳಿಗೂ ಗೊತ್ತು.

ಮೊನ್ನೆ ಆ ಹಿರಿಯೂರಿನ ಹುಡುಗಿ ಮನೆ ಹುಡುಕಿಕೊಂಡು ಬಂದಳು. “ಕೆಟ... ನಮಸ್ಕಾರ ಸಾರ್” ಎಂದು ನಾಲಿಗೆ ಕಚ್ಚಿಕೊಂಡಳು. ಕೈಯಲ್ಲಿ ಅರ್ಜಿ. “ಸರ್‌ನೇಮ್ ಅಂತ ಕೇಳಿದ್ದಾರೆ. ನಿಮ್ಮ ಹಾಗೆ ಊರು ಹಾಕಿದ್ರೆ ಫ್ರೌ ಹಿರಿಯೂರು ಆಗ್ತೀನಿ. ಅಪ್ಪನ ಹೆಸರು ಹಾಕಿದ್ರೆ ಫ್ರೌ ತಿಪ್ಪೇಸ್ವಾಮಿ. ಯಾವುದು ವಾಸಿ ಸಾರ್?”

ಬಹಳ ದಿನದ ಮೇಲೆ ಒಬ್ಬರು ನನ್ನ ಅಭಿಪ್ರಾಯ ಕೇಳಿದ್ದರು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, “ನೋಡಮ್ಮ, ಜರ್ಮನ್ ಭಾಷೆಯಲ್ಲಿ...” ಎಂದು ಶುರು ಮಾಡಿದೆ.

“ರೀ,” ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು, “ಆ ಕಿಟ್ಟೆಲ್ ಆಫ್ ಮಾಡ್ರಿ, ನೀರು ಉಕ್ತಾ ಇದೆ.”