ಉಂಡಿ ವೈನಿ

ಶ್ರಾವಣ ಹಿಡಿಯುವುದಕ್ಕೂ ಉಪ್ಪಿನಬೆಟಗೇರಿಯ ಉಂಡಿ ವೈನಿಗೆ ತಲೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ಹೆಸರು ಬೇಡ, ಓಣಿಗೆ ಒಬ್ಬಳಾದರೂ ಇರುತ್ತಾಳೆ. “ಈ ವರ್ಷ ಏನೂ ಹಚ್ಕೊಳ್ಳಂಗಿಲ್ಲ. ಎರಡ ನಮೂನಿ ಉಂಡಿ, ಮುಗೀತು” ಎನ್ನುತ್ತಲೇ ಶೇಂಗಾ ಹುರಿಯಲು ಕೂತವಳು ಎಳ್ಳುಂಡಿ, ಡಾಣಿ ಉಂಡಿ, ಬೇಸನ್ ಉಂಡಿ, ತಂಬಿಟ್ಟು ಎಲ್ಲ ದಾಟಿಯೇ ಏಳುವುದು.

ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ, ಸರಿ. ಆದರೆ ಹೆಣ್ಣುಮಕ್ಕಳೆಂದರೆ ಮನೆಯ ಮಗಳೋ ಸೊಸೆಯೋ ಎಂದು ಯಾರೂ ಬಿಡಿಸಿ ಹೇಳಿಲ್ಲ. ಮಗಳಿಗೆ ಜೋಕಾಲಿ, ಸೊಸೆಗೆ ಒಲೆ. ವೈನಿಗೆ ಮೂವರು ನಾದಿನಿಯರು. ಮೊದಲಾದರೆ ಕರೆತರಲು ಅಣ್ಣ ಹೋಗಬೇಕಿತ್ತು, ಅವರ ಮಾವ ಹೂಂ ಅನ್ನಬೇಕಿತ್ತು, ಚಾರ್ಜಿನ ಲೆಕ್ಕ ಹಾಕಬೇಕಿತ್ತು. 2023ರ ಜೂನ್ 11ರಿಂದ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಹಬ್ಬಕ್ಕೆ ವಾರ ಇರುವಾಗಲೇ ಧಾರವಾಡದ ಬಸ್ಸಿನಿಂದ ಮೂವರೂ ಮಕ್ಕಳುಮರಿ ಸಮೇತ ಇಳಿಯುತ್ತಾರೆ. ವೈನಿ ಶಕ್ತಿ ಯೋಜನೆಯ ವಿರೋಧಿಯಲ್ಲ. ಯಾರ ಶಕ್ತಿ ಖರ್ಚಾಗುತ್ತಿದೆ ಎಂಬುದಷ್ಟೇ ಆಕೆಯ ಪ್ರಶ್ನೆ.

“ನಾ ಏನರ ಮಾಡ್ಲೇನ್ ವೈನಿ?”

“ಬ್ಯಾಡವಾ, ನೀ ಕುಂಡ್ರು. ಹಬ್ಬಕ್ಕ ಬಂದೀದಿ.”

ನಾದಿನಿ ನಿಜವಾಗಿಯೂ ಕೂತುಬಿಡುತ್ತಾಳೆ! ಒಳಗೆ ಪರಾತ ಸದ್ದು ಮಾಡುತ್ತದೆ. ವೈನಿ ಮನುಷ್ಯರನ್ನು ಬೈಯುವವಳಲ್ಲ. “ಹಾಳಾದ ಮಿಕ್ಸರ್, ಕುಂತಲ್ಲೇ ಕುಂತೈತಿ, ಒಂಚೂರು ತಿರಗಂಗಿಲ್ಲ” ಎಂದು ಮಿಕ್ಸರಿಗೆ ಹೇಳುತ್ತಾಳೆ. ಕರೆಂಟು ಹೋಗಿರುವುದು ಆಕೆಗೂ ಗೊತ್ತು.

ಅಸಲು ಗಂಡಾಂತರ ಬೆಲ್ಲದ ಆಣದ್ದು. ತಣ್ಣೀರಲ್ಲಿ ಬಿಟ್ಟ ಹನಿ ಗಟ್ಟಿಯಾಗಿ ಬೆರಳಿಗೆ ಸಿಗಬೇಕು. ತುಸು ಮೊದಲಾದರೆ ಉಂಡಿ ಕಟ್ಟಲು ಬರುವುದಿಲ್ಲ, ತುಸು ತಡವಾದರೆ ಒಡೆಯಲು ಗುಂಡುಕಲ್ಲು ಬೇಕು. ಆ ಗಳಿಗೆಗೇ ಹೊರಗಿನಿಂದ ಯಜಮಾನರ ದನಿ: “ನನ್ನ ಟಾವೆಲ್ ಎಲ್ಲೈತಿ?” ಅವರಿಗೆ ಅವಸರ. ಎಷ್ಟು ಒಗೆತಕ್ಕೆ ನಿಂಬೆಹಣ್ಣು ಮುಂದಿನ ಊರು ಮುಟ್ಟುತ್ತದೆ ಎಂದು ಪಣ ಕಟ್ಟಿದ್ದಾರೆ. ಟಾವೆಲ್ ಅವರ ಹೆಗಲ ಮೇಲೇ ಇರುತ್ತದೆ.

ರೊಟ್ಟಿ ಹಬ್ಬದ ದಿನ ಮನೆಮನೆಗೆ ರೊಟ್ಟಿ, ಮಡಕಿಕಾಳಿನ ಪಲ್ಯ, ಗುರೆಳ್ಳು ಹಿಂಡಿ ಬೀರುವಾಗ ಬೇರೆಯದೇ ಪರೀಕ್ಷೆ. ಆಚೆಮನೆಯಿಂದ ಬಂದ ಸಜ್ಜೆರೊಟ್ಟಿಯನ್ನು ವೈನಿ ಬೆಳಕಿಗೆ ಹಿಡಿದು ನೋಡುತ್ತಾಳೆ. ಆಚೆಕಡೆ ತನ್ನ ರೊಟ್ಟಿಗೂ ಅದೇ ಆಗುತ್ತಿದೆ ಎಂಬುದು ತಿಳಿದೇ ಇದೆ.

ನಾಗಪ್ಪನಿಗೆ ಹಾಲೆರೆಯುವ ದಿನ ಮಾತ್ರ ಹಲವು ಮನೆಗಳಲ್ಲಿ ಒಲೆಯ ಮೇಲೆ ಹಂಚಿಡುವಂತಿಲ್ಲ, ಕರಿಯುವಂತಿಲ್ಲ, ಹೆಚ್ಚುವಂತಿಲ್ಲ. ಈ ನೇಮ ಮಾಡಿದ್ದು ದಣಿದ ಯಾವಳೋ ಸೊಸೆಯೇ ಇರಬೇಕು. ಹಾವಿನ ಹೆಸರು ಹೇಳದೆ ರಜೆ ಸಿಗುತ್ತಿತ್ತೇ?

ನಾದಿನಿಯರು ಡಬ್ಬಿ ತುಂಬಿಸಿಕೊಂಡು ಬಸ್ಸು ಹತ್ತಿದ ಮರುದಿನ ವೈನಿಯೂ ಸೀರೆ ಬದಲಿಸಿ, ಶೂನ್ಯ ಟಿಕೆಟ್ಟು ಹಿಡಿದು ಅಮ್ಮಿನಬಾವಿಯ ತವರಿಗೆ ಇಳಿಯುತ್ತಾಳೆ. ಅಲ್ಲಿ ಆಕೆ ಮಗಳು. ಅಡುಗೆಮನೆ ಬಾಗಿಲಲ್ಲಿ ಅಣ್ಣನ ಹೆಂಡತಿಗೆ ಕೇಳುತ್ತಾಳೆ: “ನಾ ಏನರ ಮಾಡ್ಲೇನ್ ವೈನಿ?”

“ಬ್ಯಾಡವಾ, ನೀ ಕುಂಡ್ರು.”

ಕೂರುತ್ತಾಳೆ. ಉಂಡಿ ಕಡಿದು, ಜೋಕಾಲಿ ಒಂದು ಸಲ ಜೀಕಿ, ಒಳಗೆ ಕೇಳುವಂತೆ ಅನ್ನುತ್ತಾಳೆ: “ಆಣ ಚೂರು ಹೆಚ್ಚಾಗೇತಿ ನೋಡ್ ವೈನಿ.”