ಗುಡಿ ಮುಂದಿನ ಪತ್ರಾ

(ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಕರಿಕಲ್ಲಿನ ಹಳೇ ಗುಡಿ. ಅದರ ಮುಂದೆ ನಾಲ್ಕು ಕಬ್ಬಿಣದ ಕಂಬ ನಿಂತಿವೆ, ಪತ್ರಾ ಇನ್ನೂ ಏರಿಲ್ಲ. ಕಟ್ಟೆಯ ಮೇಲೆ ಗುಡಿ ಕಮಿಟಿ ಅಧ್ಯಕ್ಷ ಶರಣಗೌಡ, ಅವರ ತಾಯಿ ಶಾಂತವ್ವ, ಮುದ್ದೇಬಿಹಾಳ ಕಡೆಯ ಗೌಂಡಿ ಹಸನಸಾಬ. ಗೌಡರ ಅಣ್ಣನ ಮಗ ರಾಜು ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುತ್ತಾನೆ, ರಜೆಗೆ ಬಂದಿದ್ದಾನೆ. ರಜೆಗೆ ಬಂದ ಹುಡುಗರಿಗೆ ಊರಿನಲ್ಲಿ ಮೊದಲು ಕಾಣುವುದೇ ತಪ್ಪು.)

ರಾಜು: ಕಾಕಾ, ಈ ಕಂಬ ಯಾರು ನಿಲ್ಲಿಸ್ಯಾರ?

ಗೌಡ: ಯಾಕ, ಸೊಟ್ಟ ಆಗ್ಯಾವೇನು?

ರಾಜು: ಕಂಬ ನೆಟ್ಟಗ ಅದಾವ. ಗುಡಿನ ಕಾಣವಲ್ತು.

ಗೌಡ: ಗುಡಿ ಎಲ್ಲಿ ಹೋಗತದೋ? ನಮ್ಮ ಮುತ್ಯಾನ ಮುತ್ಯಾ ಹುಟ್ಟೂಕಿಂತ ಮೊದಲಿಂದ ಅಲ್ಲೇ ಅದ.

ಹಸನಸಾಬ: ಪತ್ರಾ ಹಾಕಿ ಗುಲಾಬಿ ಬಣ್ಣಾ ಹೊಡದಮ್ಯಾಲ ನೋಡ್ರಿ ಸಣ್ಣಗೌಡ್ರ. ರೋಡಿಗಿ ನಿಂತ್ರ ಕಾಣತೈತಿ.

ರಾಜು: ಅದೇ ನನ್ನ ಚಿಂತಿ. ಒಂದ ಕೆಲಸಾ ಮಾಡೂಣು. ಎಲ್ಲಾರೂ ಕಣ್ಣ ಮುಚ್ಚರಿ. ಈಗಷ್ಟ ಅಗಸಿ ದಾಟಿ ಬಂದೀವಿ ಅಂತ ತಿಳಕೋರಿ. ಕಣ್ಣ ತಗದ ಕೂಡ್ಲೆ ಮೊದಲ ಏನ ಕಾಣತದ ಹೇಳ್ರಿ. ಆಯಿ, ನೀ ಮೊದಲ.

ಶಾಂತವ್ವ: (ಕಣ್ಣು ತೆರೆದು) ಪೂಜಾರಿ ಬನೀನು. ಹೊಸಾ ಕಂಬಕ್ಕ ಒಣಾಕ ಹಾಕ್ಯಾನ.

ಗೌಡ: ನನಗ ದೇಣಿಗಿ ಬೋರ್ಡ ಕಾಣತದ. ಮೂರನೇ ಸಾಲು.

ರಾಜು: ಮೂರನೇ ಸಾಲಿನ್ಯಾಗ ಏನದ?

ಶಾಂತವ್ವ: ಮತ್ತೇನಿರತದ? ಇವನ ಹೆಸರು.

ಹಸನಸಾಬ: ನನಗ ಬಾಗಲಾ ಮ್ಯಾಲಿನ ಕಲ್ಲು ಕಾಣತೈತ್ರಿ. ಬಲಗಡಿ ಸಂದು ಒಂದ ಬಟ್ಟ ಬಿಟ್ಟೈತಿ. ಬನೀನ ನಾ ನೋಡೇ ಇಲ್ಲ.

ರಾಜು: ಪೂಜಾರಪ್ಪಾರ, ನಿಮಗ?

ಪೂಜಾರಿ: (ಒಳಗಿನಿಂದ) ನನಗೇನ ಕಾಣತದೋ ತಮ್ಮಾ? ದಿನಾ ನೋಡತೀನಿ.

ರಾಜು: ನೋಡ್ರಿ ಮತ್ತ! ಕರಿಕಲ್ಲಿನ ಮುಂದ ಬಿಳಿ ಬನೀನು, ಬಿಸಲಾಗ ಮಿಂಚೂ ಪತ್ರಾ, ಓದಾಕ ಬರೂ ಅಕ್ಷರ, ಕಣ್ಣು ಮೊದಲ ಓಡೂದ ಇವುಕ್ಕ. ಆಮ್ಯಾಲ ತಮಗ ಬೇಕಾದ್ದು ಹುಡಕತದ, ಗೌಂಡಿಗಿ ಸಂದು, ಅಧ್ಯಕ್ಷರಿಗಿ ಹೆಸರು. ದಿನಾ ನೋಡಾವರಿಗಿ ಯಾವದೂ ಇಲ್ಲ.

ಗೌಡ: ಹಂಗಾರ ಆರ ತಿಂಗಳಾದ್ರ ಪತ್ರಾನೂ ಯಾರಿಗೂ ಕಾಣಂಗಿಲ್ಲ. ಏರಸೋ ಹಸನಸಾಬ!

ರಾಜು: ಪತ್ರಾ ಜೋಡಿ ಗುಡಿನೂ ಕಾಣಂಗಿಲ್ಲ ಕಾಕಾ.

ಗೌಡ: ಅಲ್ಲೋ, ಗೋಳಗುಮ್ಮಟದ ಮುಂದನ ಮ್ಯೂಸಿಯಂ ನಿಂತದ. ಸಮೀಪ ಹೋದಂಗ ಗುಮ್ಮಟ ಅದರ ಹಿಂದ ಮುಳಗತದ. ಅದಕ್ಕ ಯಾರೂ ಕೇಳಂಗಿಲ್ಲ, ನನಗ ಕೇಳತಿ.

ರಾಜು: ಅದು ಆದಿಲಶಾಹಿ ಕಾಲದ ನಗಾರಖಾನಿ ಕಾಕಾ. ಇಂಗ್ರೇಜಿನವ್ರು 1892ರಾಗ ಅದನ್ನ ಮ್ಯೂಸಿಯಂ ಮಾಡಿದ್ರು. ಗುಮ್ಮಟ, ನಗಾರಖಾನಿ ಎರಡೂ ಒಂದ ಕೈ ಕೆಲಸ. ನೀವು ಕಟ್ಟಸೂದು ಹಂಗದೇನು?

ಹಸನಸಾಬ: ಬಿಜಾಪುರದ ಮಾತ ಬಂತಂತ ಕೇಳತೀನ್ರಿ. ಬಾರಾಕಮಾನ ಹಂಗ ಬಯಲಿಗಿ ನಿಂತಾವಲ್ಲ, ಮ್ಯಾಲೊಂದ ಸ್ಲ್ಯಾಬ್ ಹಾಕಿದ್ರ ಮುಗೀತಿತ್ತಲ್ರಿ?

ರಾಜು: (ತಲೆ ಹಿಡಿದುಕೊಂಡು) ಎರಡನೇ ಅಲಿ ಆದಿಲಶಾಹ 1672ರಾಗ ತೀರಕೊಂಡ, ಅಂವನ ಗೋರಿ ಅರ್ಧಾಕ್ಕ ನಿಂತಿತು. ಆ ಅರ್ಧಾನ ನೋಡಾಕ ಜನಾ ಬರತಾರ ಮಾರಾಯಾ!

ಗೌಡ: ಹೋಗಲಿ, ನಮ್ಮ ಗುಡಿ ಪುರಾತತ್ವದವರ ಲಿಸ್ಟಿನ್ಯಾಗ ಇಲ್ಲ. ಲಿಸ್ಟಿನ್ಯಾಗಿದ್ರ 100 ಮೀಟರ್ ಒಳಗ ಹೊಸಾದು ಕಟ್ಟಾಕ ಬರಂಗಿಲ್ಲಂತ, 2010ರಾಗ ಕಾಯ್ದೆ ತಿದ್ಯಾರ. ನನಗೂ ಗೊತ್ತದ.

ರಾಜು: ಕಾಯ್ದೆ ಇಲ್ಲದಲ್ಲೇ ನಮ್ಮ ಕಣ್ಣಿಗಿ ಹೆಚ್ಚ ಕೆಲಸ. ಆ ಎಲ್‌ಇಡಿ ಬೋರ್ಡರ ತಗೀರಿ.

ಗೌಡ: ಸಾಲೋಟಗಿ ಕಂಬದ ಮಾತ ನಿನ್ನೆ ನೀನ ಹೇಳಿದೆಲ್ಲೋ?

ರಾಜು: ಹೌದು. ಸಾ.ಶ. 945ರ ಶಾಸನ. ರಾಷ್ಟ್ರಕೂಟರ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲಿ ಕಟ್ಟಿಸಿದ. ದೇಶದೇಶದ ಹುಡುಗ್ರು ಓದಾಕ ಬರತಿದ್ರು, ಅವರು ಇರಾಕ 27 ಮನಿ ಬ್ಯಾರೆ.

ಗೌಡ: ಆ ಮಂತ್ರಿ ತನ್ನ ಹೆಸರ ಕಂಬದ ಮ್ಯಾಲ ಹಾಕಿಸ್ಯಾನಿಲ್ಲ? ಅದು ಇತಿಹಾಸ. ನಾ ಹಾಕಿಸಿದ್ರ ಕಣ್ಣಿಗಿ ತ್ರಾಸ!

ಶಾಂತವ್ವ: ಅಂವಾ ರಾತ್ರಿ ಮಿಣಮಿಣ ಅನ್ನಂಗ ಹಾಕಿಸಿದ್ದಿಲ್ಲೋ ಯಪ್ಪಾ.

(ಗೌಡರು ಸ್ವಲ್ಪ ಹೊತ್ತು ಎಲೆ ಅಡಿಕೆಯ ಕಡೆ ಗಮನ ಕೊಟ್ಟರು.)

ಗೌಡ: ಆತು, ಪತ್ರಾ ಬ್ಯಾಡ. ಹಳೇ ಕಂಬದ್ಹಂಗ ಸಿಮೆಂಟಿನ ಕಂಬ ಮಾಡಿ ಮಂಟಪ ಕಟ್ಟಸೂಣು. ಯಾವದು ಹಳೇದು, ಯಾವದು ಹೊಸಾದು, ಒಬ್ಬರಿಗೂ ಗೊತ್ತಾಗಬಾರದು.

ಹಸನಸಾಬ: ಆ ಕೆಲಸಕ್ಕ ನಾ ಬರಾಂವಲ್ರಿ. ಸಿಂದಗಿ ಕಡಿ ಒಂದೂರಾಗ ಹಂಗ ಮಾಡಿಕೊಟ್ಟೀನಿ. ಸಿಮೆಂಟಿನ್ಯಾಗ ಬಳ್ಳಿ, ಹೂವ, ಮ್ಯಾಲ ಕರೇ ಬಣ್ಣ. ಈಗ ಮಂದಿ ನನ್ನ ಕಂಬಕ್ಕ ಕುಂಕುಮ ಹಚ್ಚಿ, ಹಳೇ ಕಂಬಕ್ಕ ಸೈಕಲ್ ಆನಸತಾರ.

ರಾಜು: ಇದನ್ನ 1964ರಾಗ ವೆನಿಸಿನ್ಯಾಗ ಕೂಡಿ ಬರದಿಟ್ಟಾರ. ಹೊಸಾದು ಹೊಸಾದಂತ ತಿಳೀಬೇಕು, ಆದ್ರ ಹಳೇದರ ಜೋಡಿ ಹೊಂದಿಕೊಂಡಿರಬೇಕು.

ಶಾಂತವ್ವ: ಇಷ್ಟ ಹೇಳಾಕ ಅಷ್ಟ ದೂರ ಹೋಗಿದ್ರ? ಸೊಸಿಯಾಗಿ ಬಂದ ದಿನಾ ನಮ್ಮತ್ತಿ ನನಗ ಹೇಳಿದ್ದೂ ಇದ.

ರಾಜು: ಪ್ಯಾರಿಸಿನ್ಯಾಗ ರಾಜರ ಹಳೇ ಅರಮನಿ ಅಂಗಳದಾಗ ಗಾಜಿನ ಪಿರಮಿಡ್ ಕಟ್ಟ್ಯಾರ, 1989ರಾಗ ತಗದ್ರು. ಮೊದಲ ಊರೆಲ್ಲಾ ಬೈತು. ಈಗ ಅದರ ಮುಂದ ನಿಂತ ಫೋಟೋ ತಕ್ಕೊಳ್ಳಲಾರದವ್ರಿಲ್ಲ.

ಶಾಂತವ್ವ: ಗಾಜು ಒರಸಾವ್ರು ಯಾರೋ? ಅದಿರಲಿ. ನಿಮ್ಮ ಕಣ್ಣಿಂದಷ್ಟ ಮಾತಾತು, ನನ್ನ ಕಾಲಿಂದ ಯಾರ ಕೇಳಾವ್ರು? ಬಸವ ಜಯಂತಿಗಿ ಬಾಗೇವಾಡಿ ತವರಿಗಿ ಹ್ವಾದ್ರ ಬಸವಣ್ಣನ ಗುಡ್ಯಾಗ ನಾ ಹಳೇದೂ ನೋಡಂಗಿಲ್ಲ, ಹೊಸಾದೂ ನೋಡಂಗಿಲ್ಲ. ನೆಳ್ಳ ಎಲ್ಲದ ಅಂತ ನೋಡತೀನಿ. ಇಲ್ಲಿ ಫರ್ಸಿ ಮ್ಯಾಲ ಮಧ್ಯಾಹ್ನ ಕಾಲಿಟ್ಟ ನೋಡು, ಆಮ್ಯಾಲ ಚಂದದ ಮಾತಾಡು.

(ರಾಜು ಚಪ್ಪಲಿ ಬಿಟ್ಟು ಕಾಲಿಟ್ಟ. ಚಂದದ ಮಾತು ನಿಂತಿತು.)

ಹಸನಸಾಬ: ಆಯಿ ಖರೇ ಅಂದ್ಲು. ಕೂಡಲಸಂಗಮದಾಗ ಬಸವಣ್ಣನ ಐಕ್ಯಮಂಟಪ ನೋಡೀರಿಲ್ಲ? ನಾರಾಯಣಪುರ ಡ್ಯಾಮಿನ ಹಿನ್ನೀರು ಬರತೈತಂತ ಸುತ್ತ ಕಾಂಕ್ರೀಟ್ ಏರಿಸಿ ಬಾವಿ ಮಾಡ್ಯಾರ. ಮ್ಯಾಲಿಂದ ಮೆಟ್ಟಲಾ ಇಳದ ಹೋಗಬೇಕು. ಅದು ಹಳೇದಂತ ಯಾರೂ ಮೋಸ ಹೋಗಂಗಿಲ್ಲ. ಅದಿಲ್ಲಂದ್ರ ಮಂಟಪನ ನೀರಾಗ.

ಶಾಂತವ್ವ: ಇಳದ ಬಂದೀನಿ. ಸಿಮೆಂಟ್ ಇತ್ತೇನೋ, ನನಗ ನೆಪ್ಪಿಲ್ಲ. ಕೆಳಗ ಕೈ ಮುಗದದ್ದಷ್ಟ ನೆಪ್ಪದ.

ರಾಜು: ಹಂಗಾರ ನೆಳ್ಳ ಇರಲಿ ಕಾಕಾ. ಗುಡಿ ಮಾರಿ ಮುಂದ ಬ್ಯಾಡ, ಎಡಕ್ಕ ಬೇವಿನ ಗಿಡದ ಕಡಿ ಸರಸೂಣು. ಎತ್ತರ ಕಡಿಮಿ ಮಾಡೂಣು, ಅಗಸಿಯಿಂದ ಶಿಖರ ಕಾಣಲಿ.

ಹಸನಸಾಬ: ಗ್ವಾಡಿಗಿ ತೂತ ಹೊಡೀಬ್ಯಾಡ್ರಿ, ಒಂದ ಮೊಳ ಬಿಟ್ಟ ನಿಂದರಸತೀನಿ. ಎಲ್ಲಾ ನಟ್ ಬೋಲ್ಟ್. ನಾಳೆ ಬ್ಯಾಡಾದ್ರ ಬಿಚ್ಚಾಕ ಬರತೈತಿ, ಕಲ್ಲಿಗಿ ಒಂದ ಗೀರ ಬೀಳಂಗಿಲ್ಲ. ಬಾಗಲಾ ಕಂಬಕ್ಕ ಆಯಿಲ್ ಪೇಂಟ್ ಅಂದಿದ್ರಲ್ಲ, ಅದನ್ನೂ ಬಿಡ್ರಿ. ಪೇಂಟ್ ಬಡದ್ರ ಒಳಗಿನ ಪಸಿ ಹೊರಗ ಬರಂಗಿಲ್ಲ, ಕಲ್ಲು ಹಪ್ಪಳಿ ಏಳತೈತಿ.

ಗೌಡ: ಎಡಕ್ಕ ಸರಸೂದು ಒಪ್ಪಿದೆ. ಬೋರ್ಡಿನ ಲೈಟ್ ತಗಿಯೂದೂ ಒಪ್ಪಿದೆ. ಗುಲಾಬಿ ಬಣ್ಣಾ ಮಾತ್ರ ಬಿಡಂಗಿಲ್ಲ. 20 ಲೀಟರ್ ತಂದೀನಿ, ಅಂಗಡ್ಯಾಂವ ವಾಪಸ್ ತಗೋಳ್ಳಂಗಿಲ್ಲ ಅಂದಾನ.

ರಾಜು: ಹಂಗಾರ ನಿಮ್ಮ ಮನಿಗೇ ಹೊಡಸ್ರಿ.

(ಗೌಡರು ಮಾತಾಡಲಿಲ್ಲ.)

ಶಾಂತವ್ವ: ಅದು ಮನಿಗಂತನ ತಂದಿದ್ದು ಮಗಾ. ನಿಮ್ಮ ಕಾಕು ಡಬ್ಬಿ ಮುಚ್ಚಳಾ ತಗದ ನೋಡಿ, ‘ಈ ಬಣ್ಣಾ ಹೊಡದ್ರ ನಾ ತವರಿಗಿ ಹೋಗತೀನಿ’ ಅಂದಾಳ. ಅವತ್ತ ನಿಮ್ಮ ಕಾಕಾಗ ಗುಡಿ ನೆಪ್ಪಾತು.